ನಾಗರಹಾವು, ಮಾಲ್ಗುಡಿ ಡೇಸ್, ಮುಂಗಾರು ಮಳೆ ಶೂಟಿಂಗ್ ಆದ ಜಾಗಗಳಿಗೆ ಹೋಗಿಬಂದವರು ಅನುಭವ ಹೇಳಿ

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು

ದಸರಾ ರಜೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುತ್ತಿದ್ದೇವೆ. ಈ ಸಲ ಸಿನಿಮಾ, ಸೀರಿಯಲ್ ಶೂಟಿಂಗ್ ಆದ ಜಾಗಗಳನ್ನೇ ನೋಡಿಕೊಂಡು ಬರೋಣ ಅಂತ ಆಸೆ. ಅಪ್ಪನಿಗೆ ‘ನಾಗರಹಾವು’ ಅಂದರೆ ಪ್ರಾಣ. 1972ರಲ್ಲಿ ಅದು ಬಂದಾಗ ಕಾಲೇಜಿನಲ್ಲಿದ್ದರಂತೆ, ಈಗಲೂ ಚಾಮಯ್ಯ ಮೇಷ್ಟ್ರ ಮಾತು ಬಾಯಿಪಾಠ. ಮಗಳು ‘ಮಾಲ್ಗುಡಿ ಡೇಸ್’ ನೋಡಿ ಮುಗಿಸಿದ್ದಾಳೆ, ಸ್ವಾಮಿಯ ಮನೆ ಎಲ್ಲಿದೆ ತೋರಿಸು ಅಂತ ಒಂದೇ ಹಟ. ನನಗೆ ‘ಮುಂಗಾರು ಮಳೆ’ಯ ಜೋಗ.

ಹೋದರೆ ಅಲ್ಲಿ ನಿಜವಾಗಲೂ ನೋಡುವುದಕ್ಕೆ ಏನಾದರೂ ಉಳಿದಿದೆಯಾ? ಅಪ್ಪನಿಗೆ ಮಂಡಿ ನೋವು, ಎಲ್ಲಿ ಹತ್ತಬಹುದು, ಎಲ್ಲಿ ಬೇಡ? ದಾರಿಯಲ್ಲಿ ರಾಮನಗರ, ಯಾಣ, ಕೆರಾಡಿ, ಕೆಜಿಎಫ್ ಯಾವುದನ್ನಾದರೂ ಸೇರಿಸಿಕೊಳ್ಳಬಹುದಾ? ಹೋಗಿಬಂದವರು ದಯವಿಟ್ಟು ಹೇಳಿ.

ಚಿತ್ರದುರ್ಗದಿಂದ

ಮೇಡಂ, ಮೊದಲು ದುರ್ಗಕ್ಕೇ ಬನ್ನಿ. ಬೆಂಗಳೂರಿನಿಂದ ಸುಮಾರು 200 ಕಿ.ಮೀ., ಹೆದ್ದಾರಿ ಚೆನ್ನಾಗಿದೆ. ಇಲ್ಲಿ ಏನು ಉಳಿದಿದೆ ಅಂತ ಕೇಳಿದ್ದೀರಿ. ಎಲ್ಲವೂ ಉಳಿದಿದೆ. ಪುಟ್ಟಣ್ಣ ಕಣಗಾಲ್ ಅವರು ಇಲ್ಲಿ ಕೋಟೆಯನ್ನೇ ಸೆಟ್ ಮಾಡಿಕೊಂಡರು. ಕಥೆ ಬರೆದ ತ.ರಾ.ಸು. ಅವರಿಗೂ ದುರ್ಗ ಅಂದರೆ ಜೀವ. ಹಾಗಾಗಿ ಬಂಡೆ ಎಲ್ಲಿತ್ತೋ ಅಲ್ಲೇ ಇದೆ, ಮೆಟ್ಟಿಲೂ ಅಲ್ಲೇ. ರಾಮಾಚಾರಿ ಓಡಾಡಿದ ಕಲ್ಲಿನ ಮೇಲೆ ನಿಮ್ಮಪ್ಪ ಕೂತು ಸುಧಾರಿಸಿಕೊಳ್ಳಬಹುದು.

ಮಂಡಿ ನೋವಿನವರಿಗೆ ನನ್ನ ಸಲಹೆ ಇದು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗೆ ಬನ್ನಿ. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ, ನೆರಳು ಕಮ್ಮಿ. ಬಾಗಿಲುಗಳನ್ನು ದಾಟಿ ನಿಧಾನವಾಗಿ ಏಕನಾಥೇಶ್ವರಿ ಗುಡಿಯ ಕಡೆಗೆ ಹೋಗಿ, ನಡುನಡುವೆ ಕೂರಲು ಬೇಕಾದಷ್ಟು ಜಾಗವಿದೆ. ಅಲ್ಲಿಂದ ಗೋಪಾಲಸ್ವಾಮಿ ಹೊಂಡದವರೆಗೆ ಆದರೆ ಸರಿ, ಆಗದಿದ್ದರೆ ಬೇಡ. ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಹೆಜ್ಜೆಗುಳಿಗಳ ಮೇಲೆ ಹತ್ತುವ ಕಡೆ ಅವರನ್ನು ಕರೆದುಕೊಂಡು ಹೋಗಲೇಬೇಡಿ. ಹತ್ತುವಾಗ ಏನೂ ಅನಿಸುವುದಿಲ್ಲ, ಇಳಿಯುವಾಗ ಮಂಡಿ ನಡುಗುತ್ತದೆ.

ಒನಕೆ ಓಬವ್ವನ ಕಿಂಡಿಯನ್ನು ಮಾತ್ರ ಬಿಡಬೇಡಿ. ಬಹಳ ಜನ ಹೊರಗಿನಿಂದ ಫೋಟೋ ತೆಗೆದು ಹೊರಟುಬಿಡುತ್ತಾರೆ. ಮಗಳನ್ನು ಒಳಗೆ ಕಳಿಸಿ ನೋಡಿ. ಎರಡು ಬಂಡೆಯ ನಡುವೆ ಒಬ್ಬರು ಬಗ್ಗಿ, ಭುಜ ಓರೆ ಮಾಡಿಕೊಂಡು ನುಸುಳುವಷ್ಟೇ ಜಾಗ. ನುಸುಳಿ ಈಚೆ ಬರುವವನಿಗೆ ಮೊದಲು ತಲೆ ಹೊರಗೆ ಬರುತ್ತದೆ, ಕೈ ಆಮೇಲೆ. ಹೈದರಾಲಿಯ ಸೈನಿಕರನ್ನು ಒಬ್ಬ ಹೆಂಗಸು ಒನಕೆ ಹಿಡಿದು ಹೇಗೆ ತಡೆದಳು ಅನ್ನುವುದು ಅಲ್ಲಿ ನಿಂತರೆ ತಾನಾಗಿ ಅರ್ಥವಾಗುತ್ತದೆ. ಸಿನಿಮಾದಲ್ಲಿ ಜಯಂತಿಯವರು ಓಬವ್ವನಾಗಿ ಬರುವುದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಆದರೂ ದುರ್ಗದವರಿಗೆ ಓಬವ್ವ ಅಂದರೆ ಕಣ್ಣಿಗೆ ಬರುವುದು ಅವರ ಮುಖವೇ. ಪಕ್ಕದಲ್ಲೇ ತಣ್ಣೀರು ದೋಣಿ ಅನ್ನುವ ಸಣ್ಣ ನೀರಿನ ಸೆಲೆ ಇದೆ, ಅದನ್ನೂ ನೋಡಿ.

ಗೈಡ್ ಮಾಡಿಕೊಳ್ಳಿ. ದುಡ್ಡು ಮೊದಲೇ ಮಾತಾಡಿ. ಇತಿಹಾಸದ ಜೊತೆಗೆ ಸಿನಿಮಾದ ಜಾಗಗಳೂ ಬೇಕು ಅಂತ ಬಾಗಿಲಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಪಾಳೆಯಗಾರರ ಕಥೆಯಲ್ಲೇ ಹೊತ್ತು ಹೋಗುತ್ತದೆ. ಅದೂ ಕೇಳಲೇಬೇಕಾದ ಕಥೆ, ಆ ಮಾತು ಬೇರೆ. ಕೋತಿಗಳ ಕಾಟ ಇದೆ, ತಿಂಡಿ ಕವರ್ ಕೈಯಲ್ಲಿ ಹಿಡಿಯಬೇಡಿ.

ತೀರ್ಥಹಳ್ಳಿಯಿಂದ

ಅಕ್ಕಾ, ಸ್ವಾಮಿಯ ಮನೆ ಆಗುಂಬೆಯಲ್ಲಿದೆ. ‘ದೊಡ್ಡಮನೆ’ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ನೂರು ವರ್ಷಕ್ಕೂ ಹಳೆಯ ಮನೆ, ನಡುವೆ ಅಂಗಳ, ಸುತ್ತ ಮರದ ಕಂಬಗಳು. ಮಗಳು ಸೀರಿಯಲ್ ಈಗಷ್ಟೇ ನೋಡಿದ್ದರೆ ಒಳಗೆ ಕಾಲಿಟ್ಟ ತಕ್ಷಣ ಗುರುತು ಹಿಡಿಯುತ್ತಾಳೆ. ನಮ್ಮ ಮನೆಗೆ ಬಂದಿದ್ದ ನೆಂಟರ ಹುಡುಗ ಒಂದು ಕಂಬ ತಬ್ಬಿಕೊಂಡು ನಿಂತುಬಿಟ್ಟಿದ್ದ, ಕರೆದರೂ ಬರಲಿಲ್ಲ.

ಒಂದು ವಿಷಯ ನೆನಪಿಡಿ. ಅದು ಮ್ಯೂಸಿಯಂ ಅಲ್ಲ, ಜನ ಸಂಸಾರ ಮಾಡಿಕೊಂಡಿರುವ ಮನೆ. ಬಂದವರನ್ನು ಪ್ರೀತಿಯಿಂದ ಕರೆದು ಕೂರಿಸಿ, ಕಷಾಯ ಕೊಟ್ಟು, ಉಳಿಯುವವರಿಗೆ ಜಾಗವನ್ನೂ ಕೊಟ್ಟುಕೊಂಡು ಬಂದ ಮನೆ ಅದು. ಇಷ್ಟು ಕೊಡಿ ಅಂತ ಕೇಳುವುದಿಲ್ಲ. ಕೇಳುವುದಿಲ್ಲ ಅಂತ ಸುಮ್ನೆ ಎದ್ದು ಬರಬಾರದು, ಅಲ್ವಾ? ನಿಮಗೆ ತೋಚಿದಷ್ಟು ಕೊಟ್ಟು ಬನ್ನಿ. ಉಳಿಯಬೇಕು ಅಂತಿದ್ದರೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ, ರಜೆಯಲ್ಲಿ ಜಾಗ ಸಿಗುವುದು ಕಷ್ಟ. ಚಪ್ಪಲಿ ಹೊರಗೆ ಬಿಡಿ. ಅಡುಗೆಮನೆ, ದೇವರಮನೆ, ಮಲಗುವ ಕೋಣೆಯ ಕಡೆ ಕ್ಯಾಮೆರಾ ಹಿಡಿಯಬೇಡಿ. ಮನೆಯವರ ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಊಟದ ಹೊತ್ತಿಗೆ ಹೇಳದೆ ಗುಂಪಾಗಿ ಹೋಗಿ ನಿಲ್ಲುವುದು ಯಾರ ಮನೆಯಲ್ಲಾದರೂ ಸರಿಯಲ್ಲ.

ಮನೆ ನೋಡಿದ ಮೇಲೆ ಪೇಟೆ ಬೀದಿಯಲ್ಲಿ ನಡೆಯಿರಿ. ಶಂಕರ್ ನಾಗ್ ಇಡೀ ಊರನ್ನೇ ಮಾಲ್ಗುಡಿ ಮಾಡಿಕೊಂಡಿದ್ದರು. ಆಗ ಶೂಟಿಂಗ್ ನೋಡಿದ ಹಿರಿಯರು ಇನ್ನೂ ಇದ್ದಾರೆ. ಅಂಗಡಿಯಲ್ಲಿ ಒಂದು ಕಾಫಿ ಕುಡಿದು ಮಾತಿಗೆ ಎಳೆಯಿರಿ, ಯಾವ ಗೈಡೂ ಹೇಳದ್ದನ್ನು ಹೇಳುತ್ತಾರೆ. ಅಕ್ಟೋಬರ್‌ನಲ್ಲಿ ಮಳೆ ಕಮ್ಮಿಯಾಗಿರುತ್ತದೆ, ಆದರೂ ಕೊಡೆ ಇರಲಿ. ಕಾಡಿನ ದಾರಿಗೆ ಇಳಿದರೆ ಇಂಬಳ ಇರುತ್ತದೆ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಸೂರ್ಯಾಸ್ತದ ಜಾಗಕ್ಕೆ ಹೋಗುವುದಾದರೆ ಮೋಡ ನೋಡಿಕೊಂಡು ಹೋಗಿ.

ಶಿವಮೊಗ್ಗದಿಂದ

ಆಗುಂಬೆ ನೋಡಿ ಅರಸಾಳು ಬಿಟ್ಟರೆ ಮಾಲ್ಗುಡಿ ಅರ್ಧವೇ ಆಗುತ್ತದೆ. ಸೀರಿಯಲ್ಲಿನಲ್ಲಿ ಬರುವ ರೈಲ್ವೆ ಸ್ಟೇಷನ್ ಇದು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ. ಮೀಟರ್ ಗೇಜ್ ಕಾಲದ ಆ ಹಳೆಯ ಕಟ್ಟಡ ಬಹಳ ವರ್ಷ ಹಾಳು ಬಿದ್ದಿತ್ತು. ಆಮೇಲೆ ರೈಲ್ವೆಯವರು ಅದನ್ನು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಸೀರಿಯಲ್ಲಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಈ ಕೆಲಸವನ್ನೂ ಮಾಡಿದ್ದು. ಅದಕ್ಕೇ ಅಲ್ಲಿ ಕೈ ಇಟ್ಟ ಕಡೆಯೆಲ್ಲ ಆ ಕಾಲದ ನೆನಪು ಇದೆ. ಸಣ್ಣ ಜಾಗ, ದೊಡ್ಡ ಮ್ಯೂಸಿಯಂ ಅಂದುಕೊಂಡು ಹೋಗಬೇಡಿ. ಮಕ್ಕಳಿಗೆ ಮಾತ್ರ ಖಂಡಿತ ಖುಷಿಯಾಗುತ್ತದೆ.

ಒಂದು ಆಸೆ ಹೇಳುತ್ತೇನೆ. ಸಾಧ್ಯವಾದರೆ ಅಜ್ಜ ಮತ್ತು ಮೊಮ್ಮಗಳನ್ನು ಶಿವಮೊಗ್ಗದಲ್ಲಿ ರೈಲು ಹತ್ತಿಸಿ, ನೀವು ಕಾರಿನಲ್ಲಿ ಅರಸಾಳಿಗೆ ಬಂದು ಇಳಿಸಿಕೊಳ್ಳಿ. ಆ ಸ್ಟೇಷನ್ನಿಗೆ ರೈಲಿನಲ್ಲಿ ಬಂದು ಇಳಿಯುವುದೇ ಬೇರೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿಸಿ. ಮ್ಯೂಸಿಯಂ ಯಾವಾಗ ತೆರೆದಿರುತ್ತದೆ ಅಂತಲೂ ಹಿಂದಿನ ದಿನ ವಿಚಾರಿಸಿ. ಹಳಿಯ ಮೇಲೆ ನಿಂತು ಸೆಲ್ಫಿ ಬೇಡ, ಅದು ಓಡುವ ಲೈನು.

ಕ್ಯಾಮೆರಾ ವಿಭಾಗದಲ್ಲಿ ಸಹಾಯಕನಾಗಿ ಕೆಲಸ ಮಾಡಿದವರು

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಗುಂಬೆಗೂ ಅರಸಾಳಿಗೂ ನಡುವೆ ಗಂಟೆಗಟ್ಟಲೆ ದಾರಿ. ಆದರೆ ಸೀರಿಯಲ್ಲಿನಲ್ಲಿ ಸ್ಟೇಷನ್ ಬಿಟ್ಟರೆ ಊರು. ಎಲ್ಲ ಶೂಟಿಂಗೂ ಹೀಗೆಯೇ. ಮನೆಯ ಹೊರಗು ಒಂದು ಊರಲ್ಲಿ, ಒಳಗು ಇನ್ನೊಂದು ಊರಲ್ಲಿ. ಎಷ್ಟೋ ಸಲ ಬಾಗಿಲು ಮಾತ್ರ ನಿಜ, ಹಿಂದೆ ಪ್ಲೈವುಡ್. ಶೆಡ್ಯೂಲ್ ಮುಗಿದ ಸಂಜೆಯೇ ಸೆಟ್ ಬಿಚ್ಚಿ ಲಾರಿಗೆ ತುಂಬುತ್ತಾರೆ. ಹಾಗಾಗಿ ಸೆಟ್ ಹುಡುಕಿಕೊಂಡು ಹೋಗುವವರಿಗೆ ನಿರಾಸೆ ಖಚಿತ. ಬಂಡೆ, ಹೊಳೆ, ಕೋಟೆ, ಹಳೇ ಮನೆ ಹುಡುಕಿಕೊಂಡು ಹೋಗುವವರಿಗೆ ನಿರಾಸೆ ಆಗುವುದು ಕಮ್ಮಿ.

ಹೋಗುವ ಮೊದಲು ಆ ದೃಶ್ಯವನ್ನು ಇನ್ನೊಮ್ಮೆ ನೋಡಿ, ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮರ, ಅಂಗಡಿ, ಬಣ್ಣ ಇವನ್ನು ನಂಬಬೇಡಿ, ಬದಲಾಗಿರುತ್ತವೆ. ಬೆಟ್ಟದ ಅಂಚು, ಬಂಡೆಯ ಬಿರುಕು, ಗೋಪುರ ಇವನ್ನು ಗುರುತು ಇಟ್ಟುಕೊಳ್ಳಿ. ನೆರಳು ನೋಡಿ. ನೆರಳು ಉದ್ದವಾಗಿದ್ದರೆ ಅದು ಬೆಳಗ್ಗೆ ಅಥವಾ ಸಂಜೆ ತೆಗೆದ ಶಾಟ್. ನೀವೂ ಅದೇ ಹೊತ್ತಿಗೆ ಹೋಗಿ. ನಡುಮಧ್ಯಾಹ್ನ ಹೋಗಿ ನಿಂತರೆ ಅದೇ ಜಾಗ ಸಪ್ಪೆಯಾಗಿ ಕಾಣುತ್ತದೆ. ಬೆಟ್ಟ ಸಿನಿಮಾದಲ್ಲಿ ಕಂಡದ್ದಕ್ಕಿಂತ ದೂರ ಅನಿಸಿದರೆ ಜಾಗ ತಪ್ಪಿದೆ ಅಂದುಕೊಳ್ಳಬೇಡಿ. ಉದ್ದ ಲೆನ್ಸ್ ಹಾಕಿದರೆ ಹಿಂದಿನ ಬೆಟ್ಟ ಹತ್ತಿರ ಬಂದು ನಿಲ್ಲುತ್ತದೆ. ಅಪ್ಪನಿಗೆ ಆ ಸ್ಕ್ರೀನ್‌ಶಾಟ್ ಕೊಟ್ಟು ಜಾಗ ಹುಡುಕಲು ಬಿಡಿ, ಮಂಡಿ ನೋವು ಸ್ವಲ್ಪ ಹೊತ್ತು ಮರೆತುಹೋಗುತ್ತದೆ.

ದಾರಿಯಲ್ಲಿ ಎಲ್ಲಾದರೂ ಶೂಟಿಂಗ್ ನಡೆಯುತ್ತಿದ್ದರೆ ಪ್ರೊಡಕ್ಷನ್ ಮ್ಯಾನೇಜರ್ ಯಾರು ಅಂತ ಕೇಳಿ, ಅವರು ಹೇಳಿದ ಕಡೆ ನಿಂತು ನೋಡಿ. ಟೇಕ್ ನಡೆಯುವಾಗ ಫೋನ್ ಸೈಲೆಂಟ್ ಇರಲಿ, ಫೋಟೋ ಬೇಡ. ನಿಮ್ಮ ಫೋನ್ ಒಂದು ಸಲ ಹೊಡೆದುಕೊಂಡರೆ ಐವತ್ತು ಜನರ ಕೆಲಸ ಮತ್ತೆ ಮೊದಲಿನಿಂದ.

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು

ರೈಲಿನ ಮಾತು ಕೇಳಿ ಮಗಳು ಈಗಲೇ ಬ್ಯಾಗ್ ಜೋಡಿಸುತ್ತಿದ್ದಾಳೆ! ತುಂಬಾ ಥ್ಯಾಂಕ್ಸ್. ಜೋಗಕ್ಕೆ ಅಕ್ಟೋಬರ್‌ನಲ್ಲಿ ಹೋದರೆ ನೀರು ಇರುತ್ತದಾ? ಹಾಡಿನಲ್ಲಿ ಗಣೇಶ್ ಕುಣಿಯುವ ಜಾಗದ ತನಕ ಹೋಗಬಹುದಾ?

ಸಾಗರದಿಂದ

ನೀರು ಆ ವರ್ಷದ ಮಳೆಯ ಮೇಲೆ. ಜೋಗ ತುಂಬಿ ಧುಮುಕುವುದು ಜುಲೈ, ಆಗಸ್ಟ್‌ನಲ್ಲಿ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆಯಲ್ಲ, ಅದು ತುಂಬಿ ಗೇಟ್ ತೆಗೆದರೆ ಅಕ್ಟೋಬರ್‌ನಲ್ಲೂ ಅಬ್ಬರ ಇರುತ್ತದೆ. ಇಲ್ಲದಿದ್ದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆಯಾಗಿ, ತೆಳ್ಳಗೆ, ಬಂಡೆ ಸಮೇತ ಕಾಣುತ್ತವೆ. ನನಗಂತೂ ಅದೇ ಜಾಸ್ತಿ ಇಷ್ಟ. ಮಂಜು ಮುಚ್ಚಿದರೆ ಏನೂ ಕಾಣದು, ಆದರೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಸ್ವಲ್ಪ ಕಾಯಿರಿ.

ಎರಡನೇ ಪ್ರಶ್ನೆಗೆ ಉತ್ತರ: ಬೇಡವೇ ಬೇಡ. ದಯವಿಟ್ಟು. ಜಲಪಾತದ ನೆತ್ತಿಗೆ ಹೋಗುವ ಮಾತೇ ಆಡಬೇಡಿ. 253 ಮೀಟರ್ ಆಳ, ಪಾಚಿ ಹಿಡಿದ ಕಲ್ಲು, ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಶೂಟಿಂಗ್‌ನವರ ಬೆನ್ನಿಗೆ ಇಡೀ ಯೂನಿಟ್ ಇರುತ್ತದೆ, ನಮಗೆ ಯಾರೂ ಇರುವುದಿಲ್ಲ. ರೀಲ್ಸ್ ಮಾಡಲು ಹೋಗಿ ಜೀವ ಕಳೆದುಕೊಂಡ ಮಕ್ಕಳ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎದುರಿನ ವೀಕ್ಷಣೆ ಜಾಗದಿಂದಲೇ ನೋಡಿ, ಸಿನಿಮಾದಲ್ಲಿ ಕಂಡ ಆ ಅಗಾಧ ರೂಪ ಅಲ್ಲಿಂದಲೇ ಕಾಣುವುದು. ಕೆಳಗಿಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು, ಅಪ್ಪನಿಗೆ ಖಂಡಿತ ಆಗದು.

ರಾಮನಗರದಿಂದ

‘ಶೋಲೆ’ಯ ಊರು ಅಂತ ಬರುವವರು ಮೊದಲು ಕೇಳುವುದು ರಾಮಗಢ ಎಲ್ಲಿ ಅಂತ. ಅದು ಸೆಟ್, ಸಿನಿಮಾ ಮುಗಿದ ಮೇಲೆ ಹೋಯಿತು. ರಾಮದೇವರ ಬೆಟ್ಟದ ಬಂಡೆಗಳು ಇವೆ. ಡೇವಿಡ್ ಲೀನ್ ಕೂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದ ಗುಹೆಯ ದೃಶ್ಯಗಳಿಗೆ ಇಲ್ಲಿಗೂ ಸಾವನದುರ್ಗಕ್ಕೂ ಬಂದಿದ್ದರು. 2012ರಿಂದ ಬೆಟ್ಟ ರಣಹದ್ದುಗಳ ಅಭಯಧಾಮ. ಕೂಗಾಟ, ಡ್ರೋನ್, ಸ್ಪೀಕರ್ ಬೇಡ. ಗಬ್ಬರ್‌ನ ಡೈಲಾಗ್ ಜೋರಾಗಿ ಹೇಳುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ಲಿ ಗೂಡು ಕಟ್ಟುವ ಹಕ್ಕಿಗಳ ಸಂಖ್ಯೆ ಮೊದಲೇ ಕಮ್ಮಿ. ನಿಮ್ಮ ಈ ಪ್ರವಾಸಕ್ಕೆ ಇದು ಬೇಡ, ದಿಕ್ಕೇ ಬೇರೆ. ಇನ್ನೊಂದು ಭಾನುವಾರ ಬೆಳಗ್ಗೆ ರೈಲಿನಲ್ಲಿ ಬನ್ನಿ.

ಕುಂದಾಪುರದಿಂದ

‘ಕಾಂತಾರ’ ಬಂದ ಮೇಲೆ ಕೆರಾಡಿ ಕಡೆಗೆ ಗಾಡಿಗಳು ಬರುವುದು ಜಾಸ್ತಿಯಾಗಿದೆ. ಊರು ಚೆಂದ, ಕಾಡು ಚೆಂದ, ಬನ್ನಿ. ಆದರೆ ಸಿನಿಮಾಕ್ಕೆ ಹಾಕಿದ್ದು ಸೆಟ್, ಅದನ್ನು ಹುಡುಕಿಕೊಂಡು ಜನರ ತೋಟಕ್ಕೆ ನುಗ್ಗಬೇಡಿ.

ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಸಿನಿಮಾದಲ್ಲಿ ಬರುವ ದೈವದ ಕೋಲ ನಮಗೆ ಪ್ರದರ್ಶನ ಅಲ್ಲ. ದೈವದ ಮುಂದೆ ನಮ್ಮವರು ಕಷ್ಟ ಹೇಳಿಕೊಳ್ಳುತ್ತಾರೆ, ವ್ಯಾಜ್ಯ ಬಗೆಹರಿಸಿಕೊಳ್ಳುತ್ತಾರೆ. ಸಿನಿಮಾ ನೋಡಿ ಬಂದವರು ಅಲ್ಲಿ ನಿಂತು ಆ ಕೂಗನ್ನು ಅನುಕರಣೆ ಮಾಡುವುದು, ಮುಖಕ್ಕೆ ಬಣ್ಣ ಬಳಿದುಕೊಂಡು ವಿಡಿಯೋ ಮಾಡುವುದು ನಮಗೆ ತುಂಬಾ ನೋವು ಕೊಡುತ್ತದೆ. ಕೋಲ ನಡೆಯುವುದು ಹೆಚ್ಚಾಗಿ ಮಳೆಗಾಲ ಮುಗಿದು ಬೇಸಿಗೆಯವರೆಗೆ. ನಿಮ್ಮನ್ನು ಯಾರಾದರೂ ಕರೆದರೆ ಖಂಡಿತ ಬನ್ನಿ, ಪ್ರಸಾದ ತೆಗೆದುಕೊಳ್ಳಿ, ಮೊಬೈಲ್ ಜೇಬಿನಲ್ಲಿರಲಿ.

ಬಂಗಾರಪೇಟೆಯಿಂದ

ಕೆಜಿಎಫ್ ನಿಮ್ಮ ದಾರಿಗೆ ಪೂರ್ತಿ ಉಲ್ಟಾ. ಬಂದರೂ ಸೈನೈಡ್ ದಿಬ್ಬಕ್ಕೆ ಮಗುವನ್ನು ಕರೆತರಬೇಡಿ. ಅದು ಗಣಿಯ ತ್ಯಾಜ್ಯದ ಗುಡ್ಡ, ಗಾಳಿ ಬೀಸಿದರೆ ಧೂಳು ಮೂಗಿಗೆ ಬರುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡವರ ಮನೆಗಳು ಇನ್ನೂ ಅಲ್ಲೇ ಇವೆ. ಬರುವವರು ಅವರ ಕಥೆಯನ್ನೂ ಕೇಳಲಿ ಅನ್ನುವುದು ನನ್ನ ಆಸೆ.

ಶಿರಸಿಯಿಂದ

ಯಾಣ ಬಿಡಬೇಡಿ ಅಂತ ಹೇಳುವ ಆಸೆ. ‘ನಮ್ಮೂರ ಮಂದಾರ ಹೂವೇ’ ಬಂದ ಮೇಲೆಯೇ ರಾಜ್ಯದ ಜನ ಯಾಣದ ಕಡೆ ತಿರುಗಿದ್ದು. ಕಪ್ಪು ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಆದರೆ ಗಾಡಿ ಬಿಟ್ಟ ಮೇಲೆ ನಡಿಗೆ, ಕೊನೆಯಲ್ಲಿ ಮೆಟ್ಟಿಲು. ಜೋಗದಿಂದ ಇನ್ನೂ ಉತ್ತರಕ್ಕೆ ಬರಬೇಕು. ಮಂಡಿ ನೋವಿನವರ ಜೊತೆ ಈ ಸಲ ಬೇಡ.

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಹೀಗೆ ಮಾಡುತ್ತೇವೆ: ಚಿತ್ರದುರ್ಗ, ಶಿವಮೊಗ್ಗ, ಅಲ್ಲಿಂದ ಅರಸಾಳು ನೋಡಿಕೊಂಡು ಸಾಗರ, ಜೋಗ, ವಾಪಸ್ ಬರುವಾಗ ತೀರ್ಥಹಳ್ಳಿ ಮೇಲೆ ಆಗುಂಬೆ. ಉಳಿದದ್ದು ಇನ್ನೊಂದು ಸಲ. ಮೊದಲ ದಿನ ಬೆಳಗ್ಗೆ ಬೆಂಗಳೂರು ಬಿಟ್ಟು ನೇರ ಕೋಟೆಗೆ ಬರಬಹುದಾ?

ಚಿತ್ರದುರ್ಗದಿಂದ

ಬೇಡ ಮೇಡಂ. ಬೆಳಗ್ಗೆ ಬಿಟ್ಟರೆ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ. ಹಿಂದಿನ ಸಂಜೆಯೇ ಬಂದು ಊರಲ್ಲಿ ರೂಮ್ ಮಾಡಿ. ರಾತ್ರಿ ಅಪ್ಪನ ಜೊತೆ ಕೂತು ಸಿನಿಮಾ ಇನ್ನೊಮ್ಮೆ ನೋಡಿ, ಬೇಕಾದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆಳಗ್ಗೆ ತಿಂಡಿ ಆಮೇಲೆ, ಮೊದಲು ಕೋಟೆ. ನೀರು ಜಾಸ್ತಿ ಇಟ್ಟುಕೊಳ್ಳಿ, ಮೇಲೆ ಅಂಗಡಿ ಇರುತ್ತದೆ ಅಂತ ನಂಬಿಕೊಂಡು ಹತ್ತಬೇಡಿ. ಅಪ್ಪನಿಗೆ ಒಂದು ಕೋಲು ಇರಲಿ.