ಹೊಸ 24 ಪೋರ್ಟ್ ಪಿಒಇ (ಲ್ಯಾನ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ) ಸ್ವಿಚ್: ಮೊದಲ ಸಲ ಸೆಟಪ್ ಮಾಡುವಾಗ ಯಾವುದು ಮೊದಲು, ಯಾವುದು ಆಮೇಲೆ?

ಹಾಸನ_ಲ್ಯಾನ್

ಕಚೇರಿಗೆ ಸಿಸ್ಕೊ ಕ್ಯಾಟಲಿಸ್ಟ್ 1000 ಸರಣಿಯ ಸಿ1000-24ಪಿ-4ಜಿ-ಎಲ್ ಸ್ವಿಚ್ ಬಂದಿದೆ. ಇಲ್ಲಿಯವರೆಗೆ ಇದ್ದದ್ದು ಸೆಟ್ಟಿಂಗ್ ಏನೂ ಇಲ್ಲದ ಸಾದಾ ಸ್ವಿಚ್. ಮ್ಯಾನೇಜ್ಡ್ ಸ್ವಿಚ್ ಇದೇ ಮೊದಲು. ಜೋಡಿಸಬೇಕಾದದ್ದು: 9 ಕಂಪ್ಯೂಟರ್, 1 ಪ್ರಿಂಟರ್, 8 ಐಪಿ ಕ್ಯಾಮೆರಾ, ಅವುಗಳ ಎನ್‌ವಿಆರ್ (ವಿಡಿಯೊ ದಾಖಲಿಸುವ ಪೆಟ್ಟಿಗೆ) ಒಂದು, 2 ವೈಫೈ ಆ್ಯಕ್ಸೆಸ್ ಪಾಯಿಂಟ್. ರೌಟರ್‌ನಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಜಾಲ) ಸೌಲಭ್ಯ ಇದೆ, ಡಿಎಚ್‌ಸಿಪಿ (ಐಪಿ ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ಕೊಡುವುದೂ ಅದೇ. ಕಚೇರಿ, ಕ್ಯಾಮೆರಾ, ಅತಿಥಿ ವೈಫೈ ಈ ಮೂರನ್ನೂ ಬೇರೆ ಬೇರೆ ಇಡಬೇಕು.

ಸ್ವಿಚ್ಚಿಗೆ ನೇರ ಕಮಾಂಡ್ ಕೊಡಲು ಕನ್ಸೋಲ್ ಕೇಬಲ್ ಹಾಕಿ ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶ ತೆರೆದರೆ ಪರದೆ ಕಪ್ಪಾಗಿಯೇ ಇರುತ್ತದೆ, ಒಂದಕ್ಷರವೂ ಬರುವುದಿಲ್ಲ. ಇದಕ್ಕೇನು ಕಾರಣ? ಹಾಗೆಯೇ, ಕೆಲಸ ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿದವರು ಹೇಳಿ.

ಕನ್ಸೋಲ್_ಕೇಬಲ್

ಮೊದಲು ಕಪ್ಪು ಪರದೆಯ ವಿಷಯ. ಪುಟ್ಟಿಯಲ್ಲಿ ಸೀರಿಯಲ್ ಆರಿಸಿ, ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ‘ನನ್’ (ಯಾವುದೂ ಇಲ್ಲ). ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪುಟ್ಟಿ ತಾನಾಗಿ ಎಕ್ಸ್‌ಆನ್/ಎಕ್ಸ್‌ಆಫ್ ಇಟ್ಟಿರುತ್ತದೆ, ಬದಲಿಸಿ. ಕಾಮ್ ಪೋರ್ಟ್ ಸಂಖ್ಯೆಯನ್ನು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿಯೇ ಹಾಕಿ. ಯುಎಸ್‌ಬಿ ಅಡಾಪ್ಟರನ್ನು ಬೇರೆ ಕಿಂಡಿಗೆ ಚುಚ್ಚಿದರೆ ಆ ಸಂಖ್ಯೆ ಬದಲಾಗಬಹುದು. ಎಲ್ಲ ಸರಿಯಿದ್ದೂ ಏನೂ ಬಾರದಿದ್ದರೆ ಎರಡು ಸಲ ಎಂಟರ್ ಒತ್ತಿ. ಸ್ವಿಚ್ ಬೂಟ್ ಆಗಿ ಸುಮ್ಮನೆ ಕೂತಿದ್ದರೆ ತಾನಾಗಿ ಏನನ್ನೂ ಬರೆಯುವುದಿಲ್ಲ. ಅಕ್ಷರ ಬಂದರೂ ಚಿತ್ರವಿಚಿತ್ರವಾಗಿ ಬಂದರೆ ವೇಗ ತಪ್ಪಿದೆ ಎಂದರ್ಥ.

ಇನ್ನು ಕೇಬಲ್. ಕನ್ಸೋಲ್‌ಗೆ ಬೇಕಾದದ್ದು ರೋಲ್‌ಓವರ್ ಕೇಬಲ್, ಸಾಮಾನ್ಯವಾಗಿ ತಿಳಿನೀಲಿ ಬಣ್ಣದ ಚಪ್ಪಟೆ ಕೇಬಲ್. ಮಾಮೂಲಿ ಪ್ಯಾಚ್ ಕಾರ್ಡ್ ಅದೇ ಕಿಂಡಿಗೆ ಚೆನ್ನಾಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಕೇಬಲ್ ಸರಿಯಿದ್ದರೂ ಅದನ್ನು ‘ಕನ್ಸೋಲ್’ ಎಂದು ಬರೆದ ಕಿಂಡಿಗೇ ಹಾಕಿದ್ದೀರಾ ಎಂದು ನೋಡಿಕೊಳ್ಳಿ. ಆಕಾರ ಒಂದೇ ಇರುವುದರಿಂದ ಲ್ಯಾನ್ ಪೋರ್ಟಿಗೆ ಹಾಕಿ ಕೂರುವುದು ಬಹಳ ಸಲ ನಡೆಯುತ್ತದೆ.

ಈಗ ಕ್ರಮ. ಪೋರ್ಟ್ ಹಂಚಿಕೆಯನ್ನು ಕಾಗದದ ಮೇಲೆ ಬರೆಯದೆ ಮುಂದೆ ಹೋಗಬೇಡಿ. ನಿಮ್ಮ ಲೆಕ್ಕಕ್ಕೆ: 1ರಿಂದ 10 ಕಚೇರಿ, ವಿಲ್ಯಾನ್ 10. 11ರಿಂದ 18 ಕ್ಯಾಮೆರಾ, 19 ಎನ್‌ವಿಆರ್, ಎರಡೂ ವಿಲ್ಯಾನ್ 20. 20 ಮತ್ತು 21 ಆ್ಯಕ್ಸೆಸ್ ಪಾಯಿಂಟ್. 22, 23 ಖಾಲಿ. 24 ರೌಟರ್. ಅತಿಥಿಗಳಿಗೆ ವಿಲ್ಯಾನ್ 30, ಸ್ವಿಚ್ಚಿನ ನಿರ್ವಹಣೆಗೆ ವಿಲ್ಯಾನ್ 99. ಇದೇ ಸಂಖ್ಯೆಗಳು ರೌಟರ್ ಕಡೆಯ ಸಬ್‌ಇಂಟರ್‌ಫೇಸ್‌ಗಳಲ್ಲೂ 802.1ಕ್ಯೂ ಟ್ಯಾಗ್ (ಯಾವ ವಿಲ್ಯಾನಿನದೆಂದು ಹೇಳುವ ಗುರುತು) ಆಗಿ ಇರಬೇಕು. ಎರಡು ಕಡೆಯೂ ಒಂದೇ ಕಾಗದ ನೋಡಿಕೊಂಡು ಮಾಡಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ಲ್ಯಾನ್ ಕೇಬಲ್ ಒಂದನ್ನೂ ಹಾಕದೆ ಕನ್ಸೋಲ್ ಮಾತ್ರ ಹಾಕಿ ಶುರು ಮಾಡಿ. ಆರಂಭದ ಡೈಲಾಗ್ ಬೇಕೇ ಎಂದು ಕೇಳಿದರೆ ‘ನೋ’ ಎನ್ನಿ. ಆಮೇಲೆ:

ಎನೇಬಲ್
ಕಾನ್ಫಿಗರ್ ಟರ್ಮಿನಲ್
ಹೋಸ್ಟ್‌ನೇಮ್ ಎಸ್‌ಡಬ್ಲ್ಯೂ1
ನೋ ಐಪಿ ಡೊಮೇನ್-ಲುಕಪ್
ಎನೇಬಲ್ ಸೀಕ್ರೆಟ್ (ನಿಮ್ಮ ಗುಟ್ಟು)
ಯೂಸರ್‌ನೇಮ್ (ಹೆಸರು) ಪ್ರಿವಿಲೆಜ್ 15 ಸೀಕ್ರೆಟ್ (ಗುಟ್ಟು)
ವಿಟಿಪಿ ಮೋಡ್ ಟ್ರಾನ್ಸ್‌ಪರೆಂಟ್
ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30

‘ಪಾಸ್‌ವರ್ಡ್’ ಅಲ್ಲ, ‘ಸೀಕ್ರೆಟ್’ ಎಂದೇ ಬಳಸಿ. ಪಾಸ್‌ವರ್ಡ್ ಎಂದು ಕೊಟ್ಟದ್ದು ಕಾನ್ಫಿಗ್‌ನಲ್ಲಿ ಹಾಗೇ ಕಾಣುತ್ತದೆ. ಅದನ್ನು ಮುಚ್ಚಿಡುವ ಟೈಪ್ 7 ಕೂಡ ಕ್ಷಣದಲ್ಲಿ ಬಿಚ್ಚುವಂಥದ್ದು. ಡೊಮೇನ್-ಲುಕಪ್ ತೆಗೆಯದಿದ್ದರೆ ಕಮಾಂಡ್‌ನ ಒಂದಕ್ಷರ ತಪ್ಪಿದಾಗಲೆಲ್ಲ ಅದನ್ನು ಯಾವುದೋ ಕಂಪ್ಯೂಟರಿನ ಹೆಸರೆಂದು ತಿಳಿದು ಹುಡುಕುತ್ತಾ ನಿಮ್ಮನ್ನು ಕಾಯಿಸುತ್ತದೆ.

ನಂತರ ವಿಲ್ಯಾನ್ 10, 20, 30, 99 ರಚಿಸಿ ಪ್ರತಿಯೊಂದಕ್ಕೂ ‘ನೇಮ್’ ಕೊಡಿ. ನಿರ್ವಹಣೆಯ ವಿಳಾಸ:

ಇಂಟರ್‌ಫೇಸ್ ವಿಲ್ಯಾನ್ 99
ಐಪಿ ಅಡ್ರೆಸ್ 192.168.99.2 255.255.255.0
ನೋ ಶಟ್‌ಡೌನ್
ಎಕ್ಸಿಟ್
ಐಪಿ ಡೀಫಾಲ್ಟ್-ಗೇಟ್‌ವೇ 192.168.99.1

ಈ ಹಂತದಲ್ಲಿ ವಿಲ್ಯಾನ್ 99 ‘ಡೌನ್’ ಎಂದೇ ತೋರಿಸುತ್ತದೆ. ಗಾಬರಿ ಬೇಡ. ಆ ವಿಲ್ಯಾನ್ ಹೊತ್ತ ಒಂದಾದರೂ ಪೋರ್ಟಿಗೆ ಜೀವ ಬರುವ ತನಕ ಅದು ಏಳುವುದಿಲ್ಲ.

ಎಸ್‌ಎಸ್‌ಎಚ್‌ಗೆ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು) ‘ಐಪಿ ಡೊಮೇನ್-ನೇಮ್’ ಒಂದನ್ನು ಕೊಟ್ಟು ‘ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048’, ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’. ಡೊಮೇನ್ ಹೆಸರು ಇಲ್ಲದಿದ್ದರೆ ಕೀ ಹುಟ್ಟುವುದೇ ಇಲ್ಲ. ಬಳಿಕ ‘ಲೈನ್ ವಿಟಿವೈ 0 15’ ಒಳಗೆ ‘ಲಾಗಿನ್ ಲೋಕಲ್’, ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’.

ಕಚೇರಿ ಪೋರ್ಟ್‌ಗಳಿಗೆ:

ಇಂಟರ್‌ಫೇಸ್ ರೇಂಜ್ ಗಿಗಾಬಿಟ್‌ಈಥರ್ನೆಟ್ 1/0/1 - 10
ಸ್ವಿಚ್‌ಪೋರ್ಟ್ ಮೋಡ್ ಆ್ಯಕ್ಸೆಸ್
ಸ್ವಿಚ್‌ಪೋರ್ಟ್ ಆ್ಯಕ್ಸೆಸ್ ವಿಲ್ಯಾನ್ 10
ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್
ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್

11ರಿಂದ 19ಕ್ಕೆ ಇದೇ, ವಿಲ್ಯಾನ್ ಮಾತ್ರ 20. ಸ್ಪ್ಯಾನಿಂಗ್-ಟ್ರೀ ಎಂದರೆ ಕೇಬಲ್‌ಗಳಲ್ಲಿ ಲೂಪ್ (ಸುತ್ತು) ಆಗದಂತೆ ಕಾಯುವ ವ್ಯವಸ್ಥೆ. ಪೋರ್ಟ್‌ಫಾಸ್ಟ್ ಬಿಟ್ಟರೆ ಏನಾಗುತ್ತದೆಂದರೆ, ಕೇಬಲ್ ಹಾಕಿದ ಮೇಲೆ ಕೇಳಿಸಿಕೊಳ್ಳಲು 15, ಕಲಿಯಲು 15 ಎಂದು ಒಟ್ಟು 30 ಸೆಕೆಂಡ್ ಆ ಪೋರ್ಟ್ ಏನನ್ನೂ ದಾಟಿಸುವುದಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಡಿಎಚ್‌ಸಿಪಿ ಕೇಳಿ ಕೇಳಿ ಸೋತು 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡಿರುತ್ತದೆ. ‘ಬೆಳಿಗ್ಗೆ ಆನ್ ಮಾಡಿದರೆ ನೆಟ್ ಬರಲ್ಲ, ಕೇಬಲ್ ಕಿತ್ತು ಹಾಕಿದರೂ ಬರಲ್ಲ’ ಎಂಬ ದೂರಿನ ಮೂಲ ಹಲವು ಸಲ ಇದೇ.

ರೌಟರ್ ಕಡೆಯ 24 ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್. ಅದಕ್ಕೆ ‘ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್’, ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 10,20,30,99’. ಹಳೆಯ ಪಾಠಗಳಲ್ಲಿ ಇದಕ್ಕೂ ಮೊದಲು ‘ಟ್ರಂಕ್ ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ’ ಎಂಬ ಸಾಲು ಇರುತ್ತದೆ. ಈ ಸ್ವಿಚ್ಚಿಗೆ ಗೊತ್ತಿರುವುದು ಡಾಟ್1ಕ್ಯೂ ಒಂದೇ, ಹಾಗಾಗಿ ಆ ಕಮಾಂಡ್ ಒಪ್ಪುವುದಿಲ್ಲ. ಬಿಟ್ಟು ಮುಂದೆ ಹೋಗಿ. ಆ್ಯಕ್ಸೆಸ್ ಪಾಯಿಂಟ್ ಇರುವ 20, 21 ಕೂಡ ಟ್ರಂಕ್: ನೇಟಿವ್ ವಿಲ್ಯಾನ್ 99, ಅಲೌಡ್ 10,30,99. ಆಗ ಅವುಗಳ ಸ್ವಂತ ವಿಳಾಸ ಟ್ಯಾಗ್ ಇಲ್ಲದೆ 99ರಲ್ಲಿ ಬರುತ್ತದೆ, ಕಚೇರಿ ವೈಫೈ 10ರಲ್ಲಿ, ಅತಿಥಿ ವೈಫೈ 30ರಲ್ಲಿ. 22, 23ನ್ನು ‘ಶಟ್‌ಡೌನ್’ ಮಾಡಿಡಿ.

ಎಲ್ಲವನ್ನೂ ಒಂದೇ ಸಲ ಪುಟ್ಟಿಗೆ ಪೇಸ್ಟ್ ಮಾಡಬೇಡಿ. 9600 ವೇಗಕ್ಕೆ ಉದ್ದದ ಪೇಸ್ಟ್ ತಡೆಯುವುದಿಲ್ಲ, ನಡುವಿನ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಹತ್ತು ಹನ್ನೆರಡು ಸಾಲಿನ ತುಂಡುಗಳಾಗಿ ಹಾಕಿ. ಮುಗಿದ ಮೇಲೆ ‘ಶೋ ವಿಲ್ಯಾನ್ ಬ್ರೀಫ್’, ‘ಶೋ ಇಂಟರ್‌ಫೇಸಸ್ ಟ್ರಂಕ್’, ‘ಶೋ ಇಂಟರ್‌ಫೇಸಸ್ ಸ್ಟೇಟಸ್’ ಈ ಮೂರನ್ನೂ ಕಾಗದದೊಂದಿಗೆ ಹೋಲಿಸಿ, ಸರಿಯಿದ್ದರೆ ಮಾತ್ರ ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’. ಇದನ್ನು ಮರೆತರೆ ಮುಂದಿನ ಕರೆಂಟ್ ಕಟ್‌ಗೆ ಅಷ್ಟೂ ಕೆಲಸ ಹೋಯಿತು.

ತಾಮ್ರದ_ತಂತಿ

ಮೇಲಿನ ಉತ್ತರ ಪೂರ್ತಿ ಸರಿ. ಪಿಒಇ ಲೆಕ್ಕ ಬಿಟ್ಟುಹೋಗಿದೆ, ಅದನ್ನು ಸೇರಿಸುತ್ತೇನೆ, ಏಕೆಂದರೆ ಈ ಮಾದರಿಯಲ್ಲಿ ಎಡವುವುದೇ ಅಲ್ಲಿ.

24 ಪೋರ್ಟಿಗೂ ಪಿಒಇ ಇದೆ ಎಂದಮಾತ್ರಕ್ಕೆ 24ಕ್ಕೂ ಪೂರ್ತಿ ವಿದ್ಯುತ್ ಸಿಗುವುದಿಲ್ಲ. ಈ ಸ್ವಿಚ್ಚಿನ ಒಟ್ಟು ಪಿಒಇ ಬಜೆಟ್ 195 ವ್ಯಾಟ್. 802.3ಎಎಫ್ ಎಂಬ ಪಿಒಇ ಮಾನಕದ ಪ್ರಕಾರ ಒಂದು ಪೋರ್ಟ್ ಹೊರಗೆ ಕೊಡುವುದು 15.4 ವ್ಯಾಟ್ ತನಕ. ಎಲ್ಲ ಪೋರ್ಟಿಗೂ ಅಷ್ಟೇ ಬೇಕೆಂದರೆ 369.6 ವ್ಯಾಟ್ ಆಗುತ್ತದೆ. ಅದಕ್ಕೆ ಇದೇ ಸರಣಿಯ 24ಎಫ್‌ಪಿ ಮಾದರಿ, ಬಜೆಟ್ 370 ವ್ಯಾಟ್.

ಇನ್ನೊಂದು ಸೂಕ್ಷ್ಮ. ಸ್ವಿಚ್ ಮೀಸಲಿಡುವುದು ಉಪಕರಣ ನಿಜವಾಗಿ ಸೆಳೆಯುವಷ್ಟನ್ನಲ್ಲ, ಅದು ಹೇಳಿಕೊಂಡ ಕ್ಲಾಸ್‌ಗೆ (ವಿದ್ಯುತ್ ಬೇಡಿಕೆಯ ದರ್ಜೆಗೆ) ತಕ್ಕಷ್ಟನ್ನು. ಕ್ಲಾಸ್ 1ಕ್ಕೆ 4, ಕ್ಲಾಸ್ 2ಕ್ಕೆ 7, ಕ್ಲಾಸ್ 0 ಮತ್ತು 3ಕ್ಕೆ 15.4, ಕ್ಲಾಸ್ 4ಕ್ಕೆ 30 ವ್ಯಾಟ್. ನಿಮ್ಮ ಕ್ಯಾಮೆರಾಗಳು ಕ್ಲಾಸ್ 3 ಆಗಿದ್ದರೆ 8 × 15.4 = 123.2. ಆ್ಯಕ್ಸೆಸ್ ಪಾಯಿಂಟ್ ಎರಡೂ ಕ್ಲಾಸ್ 4 ಆಗಿದ್ದರೆ 60. ಒಟ್ಟು 183.2, ಸದ್ಯಕ್ಕೆ ಹಿಡಿಸುತ್ತದೆ. ಇಂಥದ್ದೇ ಒಂಬತ್ತನೇ ಕ್ಯಾಮೆರಾ ಹಾಕಿದರೆ 198.6. ಅದಕ್ಕೆ ವಿದ್ಯುತ್ ಸಿಗದು, ‘ಶೋ ಪವರ್ ಇನ್‌ಲೈನ್’ನಲ್ಲಿ ‘ಪವರ್-ಡಿನೈ’ ಎಂದು ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಇದನ್ನು ನೋಡಿ. ಕ್ಯಾಮೆರಾದ ಗರಿಷ್ಠ ಬಳಕೆ, ರಾತ್ರಿಯ ಇನ್‌ಫ್ರಾರೆಡ್ ದೀಪಗಳೂ ಸೇರಿ, 7 ವ್ಯಾಟ್ ಒಳಗೇ ಎಂದು ಅದರ ಕೈಪಿಡಿ ಹೇಳಿದರೆ, ಆ ಪೋರ್ಟ್‌ನಲ್ಲಿ ‘ಪವರ್ ಇನ್‌ಲೈನ್ ಕನ್ಸಂಪ್ಶನ್ 7000’ ಎಂದು ಮೀಸಲನ್ನು ಇಳಿಸಬಹುದು. ಸಂಖ್ಯೆ ಮಿಲಿವ್ಯಾಟ್‌ನಲ್ಲಿದೆ. ಹಗಲಿನ ಬಳಕೆ ನೋಡಿ ಇಳಿಸಿದರೆ ಕತ್ತಲಾದ ಮೇಲೆ ತೊಂದರೆ.

ಕೇಬಲ್ ಕೊಳ್ಳುವಾಗ ಪೂರ್ಣ ತಾಮ್ರದ್ದೇ ಕೇಳಿ. ಅಗ್ಗದ ಡಬ್ಬಗಳಲ್ಲಿ ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿ ಬರುತ್ತದೆ. ಅದರ ರೋಧ ಹೆಚ್ಚು, ದೂರದ ಕ್ಯಾಮೆರಾಕ್ಕೆ ವೋಲ್ಟೇಜ್ ಸಾಲದೆ ರಾತ್ರಿ ಹೊತ್ತು ರೀಬೂಟ್ ಆಗುತ್ತಿರುತ್ತದೆ. ಚಾಕುವಿನಿಂದ ತುದಿ ಕೆರೆದರೆ ಒಳಗೆ ಬೆಳ್ಳಗೆ ಕಂಡರೆ ಅದೇ. ಉದ್ದ ಗೋಡೆಯೊಳಗೆ 90 ಮೀಟರ್, ಎರಡು ತುದಿಯ ಪ್ಯಾಚ್ ಕಾರ್ಡ್ ಸೇರಿ 100 ಮೀಟರ್ ದಾಟಬಾರದು.

ಕ್ಯಾಮೆರಾ ಬೇರೆ ಕಟ್ಟಡದಲ್ಲಿದ್ದರೆ ಅಲ್ಲಿಗೆ ತಾಮ್ರ ಎಳೆಯಲೇಬೇಡಿ. ಎರಡು ಕಟ್ಟಡಗಳ ಅರ್ಥಿಂಗ್ ನಡುವಿನ ವೋಲ್ಟೇಜ್ ವ್ಯತ್ಯಾಸ ಮತ್ತು ಮುಂಗಾರಿಗೆ ಮುಂಚಿನ ಸಿಡಿಲು ಎರಡೂ ಆ ತಂತಿಯ ಮೂಲಕ ನೇರ ಸ್ವಿಚ್ಚಿಗೇ ಬರುತ್ತವೆ. 25ರಿಂದ 28ರ ತನಕ ಎಸ್‌ಎಫ್‌ಪಿ (ಫೈಬರ್ ಮಾಡ್ಯೂಲ್ ಕೂರಿಸುವ) ಕಿಂಡಿಗಳಿವೆ, ಅಲ್ಲಿಂದ ಫೈಬರ್ ಹಾಕಿ. ಸಿಂಗಲ್ ಮೋಡ್ ಫೈಬರ್ ಆದರೆ ಎರಡೂ ತುದಿಗೆ 1310 ನ್ಯಾನೋಮೀಟರಿನ ಎಲ್‌ಎಕ್ಸ್ ಮಾಡ್ಯೂಲ್. ಒಂದು ಕಡೆ ಎಸ್‌ಎಕ್ಸ್, ಇನ್ನೊಂದು ಕಡೆ ಎಲ್‌ಎಕ್ಸ್ ಹಾಕಿದರೆ ಲಿಂಕ್ ಏಳುವುದಿಲ್ಲ. ಸ್ವಿಚ್ಚಿನ ಅರ್ಥ್ ಸ್ಕ್ರೂವನ್ನು ರ‍್ಯಾಕ್‌ಗೆ, ರ‍್ಯಾಕನ್ನು ಕಟ್ಟಡದ ಅರ್ಥಿಂಗ್‌ಗೆ ಕಟ್ಟಿ. ಯುಪಿಎಸ್ ಲೆಕ್ಕ ಹಾಕುವಾಗ ಸ್ವಿಚ್ಚಿನ ಸ್ವಂತ ಬಳಕೆಯ ಜೊತೆ ಪಿಒಇ ವ್ಯಾಟ್‌ಗಳನ್ನೂ ಕೂಡಿಸಿ.

ಹಾಸನ_ಲ್ಯಾನ್

ತುಂಬಾ ಧನ್ಯವಾದ. ಕಪ್ಪು ಪರದೆಗೆ ಫ್ಲೋ ಕಂಟ್ರೋಲ್ ಮತ್ತು ಕಾಮ್ ಸಂಖ್ಯೆ ಎರಡೂ ತಪ್ಪಿದ್ದವು, ಈಗ ಸರಿ. ವಿಲ್ಯಾನ್ 10, 20, 99 ಚೆನ್ನಾಗಿ ನಡೆಯುತ್ತಿದ್ದವು. ಅತಿಥಿ ವೈಫೈ ಕೊನೆಗೆ ಸೇರಿಸೋಣವೆಂದು ಎಸ್‌ಎಸ್‌ಎಚ್‌ನಲ್ಲಿ ಹೋಗಿ 24ನೇ ಪೋರ್ಟಿಗೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಕೊಟ್ಟೆ. ಆ ಕ್ಷಣವೇ ಎಸ್‌ಎಸ್‌ಎಚ್ ಕಡಿಯಿತು, ಕಚೇರಿಯ ನೆಟ್ ಪೂರ್ತಿ ನಿಂತಿದೆ. ಇನ್ನೂ ಸೇವ್ ಮಾಡಿಲ್ಲ.

ಕನ್ಸೋಲ್_ಕೇಬಲ್

ಸೇವ್ ಮಾಡದ್ದು ಒಳ್ಳೆಯದಾಯಿತು. ಆ ಕಮಾಂಡ್ ಪಟ್ಟಿಗೆ ಸೇರಿಸುವುದಿಲ್ಲ, ಪಟ್ಟಿಯನ್ನೇ ಅಳಿಸಿ ಹೊಸದು ಬರೆಯುತ್ತದೆ. ಈಗ ರೌಟರಿಗೆ ಹೋಗುತ್ತಿರುವುದು 30 ಒಂದೇ. ಕನ್ಸೋಲ್‌ನಿಂದ ಒಳಹೋಗಿ 24ನೇ ಪೋರ್ಟಿನಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 10,20,99’ ಕೊಡಿ, ತಕ್ಷಣ ಬರುತ್ತದೆ. ‘ಆ್ಯಡ್’ ಎಂಬ ಆ ಒಂದು ಪದವೇ ವ್ಯತ್ಯಾಸ. ಕನ್ಸೋಲ್ ಹತ್ತಿರ ಇಲ್ಲದಿದ್ದರೆ ಸ್ವಿಚ್ಚಿನ ಕರೆಂಟ್ ತೆಗೆದು ಹಾಕಿದರೂ ಸೇವ್ ಆಗಿದ್ದ ಹಳೆಯ ಸ್ಥಿತಿ ಮರಳುತ್ತದೆ.

ಮುಂದೆ ದೂರದಿಂದ ಟ್ರಂಕ್ ಮುಟ್ಟುವಾಗ ಹೀಗೆ ಮಾಡಿ: ಮೊದಲು ಕಾನ್ಫಿಗ್ ಸೇವ್ ಮಾಡಿ, ನಂತರ ‘ರೀಲೋಡ್ ಇನ್ 10’ ಕೊಡಿ, ಆಮೇಲೆ ಬದಲಾವಣೆ ಮಾಡಿ. ಸಂಪರ್ಕ ಕಡಿದರೆ 10 ನಿಮಿಷಕ್ಕೆ ಸ್ವಿಚ್ ತಾನಾಗಿ ರೀಬೂಟ್ ಆಗಿ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ಸೇವ್. ಕ್ಯಾನ್ಸಲ್ ಮರೆತರೆ ಕೆಲಸದ ನಡುವೆ ಎಲ್ಲರ ನೆಟ್ ಹೋಗುತ್ತದೆ, ಗಡಿಯಾರ ನೋಡುತ್ತಿರಿ.

ಸ್ಪ್ಯಾನಿಂಗ್_ಮರ

ಇನ್ನೆರಡು ವಿಷಯ ಇದೇ ಎಳೆಯಲ್ಲಿ ಇರಲಿ.

ಯಾರಾದರೂ ಮನೆಯ ವೈಫೈ ರೌಟರ್ ತಂದು ಅದರ ಲ್ಯಾನ್ ಕಿಂಡಿಯನ್ನು ಗೋಡೆಯ ಪಾಯಿಂಟಿಗೆ ಚುಚ್ಚಿದರೆ, ಅದೂ ಡಿಎಚ್‌ಸಿಪಿ ಹಂಚಲು ಶುರು ಮಾಡುತ್ತದೆ. ಅರ್ಧ ಕಚೇರಿಗೆ 192.168.0ರ ವಿಳಾಸ ಬಂದು ನೆಟ್ ಕೆಡುತ್ತದೆ. ತಡೆಯಲು ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್’, ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 10,20,30’, ಮತ್ತು 24ನೇ ಪೋರ್ಟಿನಲ್ಲಿ ಮಾತ್ರ ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಟ್ರಸ್ಟ್’. ಟ್ರಸ್ಟ್ ಅನ್ನೇ ಮೊದಲು ಕೊಡಿ, ಇಲ್ಲವಾದರೆ ನಿಮ್ಮ ರೌಟರಿನ ಉತ್ತರವೂ ತಡೆಯಲ್ಪಡುತ್ತದೆ. ಇಷ್ಟಾದ ಮೇಲೂ ಯಾರಿಗೂ ವಿಳಾಸ ಬಾರದಿದ್ದರೆ ಕಾರಣ ಆಪ್ಷನ್ 82: ಸ್ವಿಚ್ ತಾನಾಗಿ ಸೇರಿಸುವ ಆ ಮಾಹಿತಿಯನ್ನು ಕಂಡು ಕೆಲವು ಡಿಎಚ್‌ಸಿಪಿ ಸರ್ವರ್‌ಗಳು ಕೋರಿಕೆಯನ್ನೇ ಎಸೆಯುತ್ತವೆ. ‘ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಶನ್ ಆಪ್ಷನ್’ ಕೊಟ್ಟರೆ ಸರಿಹೋಗುತ್ತದೆ.

ಎರಡನೆಯದು ಬಿಪಿಡಿಯುಗಾರ್ಡ್. ಬಿಪಿಡಿಯು ಎಂದರೆ ಲೂಪ್ ಪತ್ತೆಗೆ ಸ್ವಿಚ್ ಕಳಿಸುವ ಸಂದೇಶ. ಮೇಜಿನ ಕೆಳಗಿನ ಪುಟ್ಟ ಸ್ವಿಚ್ಚಿಗೆ ಒಂದೇ ಕೇಬಲ್‌ನ ಎರಡೂ ತುದಿ ಹಾಕಿದರೆ ನಮ್ಮ ಸ್ವಿಚ್ ಕಳಿಸಿದ ಬಿಪಿಡಿಯು ನಮಗೇ ತಿರುಗಿ ಬರುತ್ತದೆ, ಆ ಪೋರ್ಟ್ ‘ಎರ್-ಡಿಸೇಬಲ್ಡ್’ ಆಗಿ (ತಾನಾಗಿ ಮುಚ್ಚಿಕೊಂಡು) ಉಳಿದವರು ಬದುಕುತ್ತಾರೆ. ಲೂಪ್ ಬಿಚ್ಚಿದ ಮೇಲೆ ಆ ಪೋರ್ಟಿನಲ್ಲಿ ‘ಶಟ್‌ಡೌನ್’, ‘ನೋ ಶಟ್‌ಡೌನ್’ ಕೊಡಬೇಕು. ‘ಎರ್‌ಡಿಸೇಬಲ್ ರಿಕವರಿ ಕಾಸ್ ಬಿಪಿಡಿಯುಗಾರ್ಡ್’ ಹಾಕಿಟ್ಟರೆ 300 ಸೆಕೆಂಡಿಗೊಮ್ಮೆ ತಾನೇ ಪ್ರಯತ್ನಿಸುತ್ತದೆ.

ಈ ಎಳೆ ಓದಿ ಸೆಕೆಂಡ್‌ಹ್ಯಾಂಡ್ ಸಿಸ್ಕೊ 2960 ಸ್ವಿಚ್ ಕೊಳ್ಳಲು ಹೊರಟವರಿಗೆ: ಕಾನ್ಫಿಗ್ ಅಳಿಸಲು ‘ರೈಟ್ ಇರೇಸ್’ ಒಂದೇ ಸಾಲದು. ವಿಲ್ಯಾನ್ ಪಟ್ಟಿ ಫ್ಲ್ಯಾಶ್‌ನ ‘ವಿಲ್ಯಾನ್.ಡ್ಯಾಟ್’ ಕಡತದಲ್ಲಿ ಬೇರೆಯಾಗಿ ಕೂತಿರುತ್ತದೆ; ‘ಡಿಲೀಟ್ ಫ್ಲ್ಯಾಶ್:ವಿಲ್ಯಾನ್.ಡ್ಯಾಟ್’ ಮಾಡಿಯೇ ರೀಲೋಡ್ ಮಾಡಿ. ಹಳೆಯ ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿ ಹಂಚುವ ವ್ಯವಸ್ಥೆ) ಡೊಮೇನ್ ಹೆಸರು ನಿಮ್ಮದಕ್ಕೆ ಹೊಂದಿ, ಅದರ ರಿವಿಷನ್ ಸಂಖ್ಯೆ ನಿಮ್ಮದಕ್ಕಿಂತ ದೊಡ್ಡದಾಗಿದ್ದರೆ, ಟ್ರಂಕ್‌ಗೆ ಸೇರಿಸಿದ ಕ್ಷಣ ಅದರ ಪಟ್ಟಿ ನಿಮ್ಮ ವಿಲ್ಯಾನ್‌ಗಳನ್ನೆಲ್ಲ ಅಳಿಸಿಬಿಡಬಲ್ಲದು. ಮೇಲೆ ‘ವಿಟಿಪಿ ಮೋಡ್ ಟ್ರಾನ್ಸ್‌ಪರೆಂಟ್’ ಹೇಳಿದ್ದು ಇದಕ್ಕೇ. ಆ ಹಳೆಯ ಮಾದರಿಗಳಲ್ಲಿ ಸ್ಮಾರ್ಟ್ ಇನ್‌ಸ್ಟಾಲ್ ಎಂಬ ದೂರದಿಂದ ಸೆಟಪ್ ಮಾಡುವ ಸೌಲಭ್ಯ ಟಿಸಿಪಿ ಪೋರ್ಟ್ 4786ರಲ್ಲಿ ತೆರೆದೇ ಇರುತ್ತದೆ, 2018ರಲ್ಲಿ ಅದರಲ್ಲಿ ಗಂಭೀರ ದೋಷ ಬಯಲಾಯಿತು. ‘ನೋ ವಿಸ್ಟ್ಯಾಕ್’ ಕೊಟ್ಟು ಮುಚ್ಚಿ.

ಹಾಸನ_ಲ್ಯಾನ್

‘ಆ್ಯಡ್’ ಕೊಟ್ಟ ಮೇಲೆ ಎಲ್ಲ ಮರಳಿತು. ‘ಶೋ ಇಂಟರ್‌ಫೇಸಸ್ ಟ್ರಂಕ್’ನಲ್ಲಿ 10,20,30,99 ನಾಲ್ಕೂ ಕಾಣುತ್ತಿವೆ, ಅತಿಥಿ ವೈಫೈಗೂ ವಿಳಾಸ ಬರುತ್ತಿದೆ. ಪಿಒಇಯಲ್ಲಿ ಕ್ಯಾಮೆರಾಗಳು ಕ್ಲಾಸ್ 2 ಎಂದು ತೋರಿಸುತ್ತಿವೆ, ಅಂದರೆ 56 ಮತ್ತು 60 ಸೇರಿ 116 ವ್ಯಾಟ್. ಸ್ನೂಪಿಂಗ್ ಅನ್ನು ಭಾನುವಾರ ಕಚೇರಿ ಖಾಲಿ ಇರುವಾಗ ಹಾಕುತ್ತೇನೆ, ಟ್ರಸ್ಟ್ ಮೊದಲು.