ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದ್ರೆ ‘ಪರ್ಮಿಶನ್ ಡಿನೈಡ್’

ಪ್ರಶ್ನೆ: ಉಬುಂಟು, ಟಾರ್ ಫೈಲಿನಿಂದ ಹಾಕಿದ ಟಾಮ್‌ಕ್ಯಾಟ್ 9 (ಜಾವಾ ವೆಬ್ ಸರ್ವರ್). ಸಿಸ್ಟಂಸಿಟಿಎಲ್‌ನಿಂದ (ಸರ್ವಿಸ್ ನಡೆಸೋ ಕಮಾಂಡ್) ರೀಸ್ಟಾರ್ಟ್ ಮಾಡಿದರೆ ‘ಕ್ಯಾಟಲಿನಾ.ಔಟ್’ ಲಾಗ್ ಫೈಲ್ ಬರೆಯೋಕಾಗದೆ ಬಿದ್ದುಹೋಗುತ್ತೆ. ಸುಡೋ (ರೂಟ್, ಅಂದರೆ ಅಡ್ಮಿನ್ ಹಕ್ಕು) ಹಾಕಿ ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಿದರೆ ಮಾತ್ರ ಏಳುತ್ತೆ. ಎಲ್ಲರಿಗೂ ಎಲ್ಲ ಹಕ್ಕು ಕೊಡೋ 777 ಕೊಟ್ಟುಬಿಡಲಾ?

ಉತ್ತರ 1: 777 ಬೇಡವೇ ಬೇಡ. ಆ ಸುಡೋನೇ ಮೂಲ. ಆಗ ಹುಟ್ಟಿದ ಫೈಲುಗಳಿಗೆಲ್ಲ ರೂಟ್ ಒಡೆಯ. ಸರ್ವಿಸ್ ಓಡೋದು ಟಾಮ್‌ಕ್ಯಾಟ್ ಯೂಸರ್ ಹೆಸರಲ್ಲಿ. ಮೊದಲು ಪಿಎಸ್‌ನಲ್ಲಿ (ಓಡುತ್ತಿರೋ ಪ್ರೊಸೆಸ್‌ಗಳ ಪಟ್ಟಿ) ರೂಟ್ ಹೆಸರಿನ ಜಾವಾ ಇನ್ನೂ ಬದುಕಿದೆಯಾ ನೋಡಿ ನಿಲ್ಲಿಸಿ, ಇಲ್ಲದಿದ್ದರೆ 8080 ಪೋರ್ಟ್ ಸಿಗಲ್ಲ. ಆಮೇಲೆ ಫೈಂಡ್‌ಗೆ ‘-ಯೂಸರ್ ರೂಟ್’ ಕೊಟ್ಟು ರೂಟ್ ಒಡೆತನದ ಫೈಲುಗಳನ್ನು ಹುಡುಕಿ. ಲಾಗ್ಸ್, ವರ್ಕ್, ಟೆಂಪ್ ಈ ಮೂರಕ್ಕೆ ‘ಚೌನ್ -ಆರ್ ಟಾಮ್‌ಕ್ಯಾಟ್:ಟಾಮ್‌ಕ್ಯಾಟ್’ (ಒಡೆಯನನ್ನು ಬದಲಿಸೋ ಕಮಾಂಡ್; ದೊಡ್ಡಕ್ಷರದ ಆರ್). ಕಾನ್ಫ್ (ಸೆಟ್ಟಿಂಗ್ ಫೈಲುಗಳ ಡೈರೆಕ್ಟರಿ) ರೂಟ್ ಕೈಯಲ್ಲೇ ಇರಲಿ: ಗ್ರೂಪ್ ಟಾಮ್‌ಕ್ಯಾಟ್, ಫೈಲ್ 640, ಡೈರೆಕ್ಟರಿ 750.

ಉತ್ತರ 2: ಒಡೆತನ ಸರಿಯಿದ್ದೂ ಅದೇ ಎರರ್ ಬಂದರೆ ಪೂರ್ತಿ ಪಾತ್ ಕೊಟ್ಟು ‘ನೇಮ್‌ಐ -ಎಲ್’ ಓಡಿಸಿ, ಪಾತ್‌ನ ಪ್ರತಿ ಹಂತದ ಹಕ್ಕು ಕಾಣುತ್ತೆ. ಮೇಲಿನ ಒಂದೇ ಒಂದು ಡೈರೆಕ್ಟರಿಗೆ ಎಕ್ಸ್ ಬಿಟ್ (ಒಳಹೋಗೋ ಹಕ್ಕು) ಇಲ್ಲದಿದ್ದರೂ ಒಳಗಿನ 777 ದಂಡ.

ಉತ್ತರ 3: ಎರರ್ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಅಂತಿದ್ದರೆ ಚೌನ್‌ನಿಂದ ಏನೂ ಆಗಲ್ಲ. ಡಿಸ್ಕ್ ಸರಿಯಿದ್ದರೆ ಯೂನಿಟ್ ಫೈಲಿನಲ್ಲಿ (ಸರ್ವಿಸ್‌ನ ಸೆಟ್ಟಿಂಗ್ ಫೈಲ್) ‘ಪ್ರೊಟೆಕ್ಟ್‌ಸಿಸ್ಟಂ=ಸ್ಟ್ರಿಕ್ಟ್’ (ಸರ್ವಿಸ್‌ಗೆ ಫೈಲ್ ಸಿಸ್ಟಂ ಓದೋಕಷ್ಟೇ ಬಿಡೋ ಸೆಟ್ಟಿಂಗ್) ಇದೆಯಾ ನೋಡಿ. ಇದ್ದರೆ ‘ಸಿಸ್ಟಂಸಿಟಿಎಲ್ ಎಡಿಟ್’ನಲ್ಲಿ ಸರ್ವಿಸ್ ವಿಭಾಗದಡಿ ಲಾಗ್ ಡೈರೆಕ್ಟರಿಯನ್ನು ‘ರೀಡ್‌ರೈಟ್‌ಪಾತ್ಸ್’ಗೆ ಸೇರಿಸಿ ರೀಸ್ಟಾರ್ಟ್ ಮಾಡಿ.