ಬೆಳಗಿನ ಜಾವದ ಹಳದಿ ವಾಂತಿ: ನಾಯಿಯ ಊಟದ ಹೊತ್ತನ್ನು ಹೇಗೆ ಬದಲಿಸಬೇಕು?

ಪ್ರಶ್ನೆ

ನಮ್ಮ ಮನೆಯ ಬೆಳ್ಳಿ 5 ವರ್ಷದ ಹೆಣ್ಣು ನಾಯಿ, ತೂಕ 14 ಕಿಲೋ. ಕಳೆದ ಒಂದೂವರೆ ತಿಂಗಳಿಂದ ವಾರಕ್ಕೆ ಎರಡು ಮೂರು ಬಾರಿ, ಬೆಳಗಿನ ಜಾವ 5 ಗಂಟೆಯ ಆಸುಪಾಸಿನಲ್ಲಿ ಅವಳ ಹೊಟ್ಟೆ ಪಕ್ಕದ ಕೋಣೆಗೂ ಕೇಳಿಸುವಷ್ಟು ಜೋರಾಗಿ ಗುಳುಗುಳು ಎನ್ನತೊಡಗುತ್ತದೆ. ಆಮೇಲೆ ತುಟಿ ನೆಕ್ಕುತ್ತಾ, ಮತ್ತೆ ಮತ್ತೆ ಜೊಲ್ಲು ನುಂಗುತ್ತಾ ಅತ್ತಿತ್ತ ಓಡಾಡುತ್ತಾಳೆ. ಬಾಗಿಲು ತೆರೆದರೆ ಸಿಕ್ಕ ಹುಲ್ಲನ್ನೆಲ್ಲ ಗಬಗಬನೆ ತಿನ್ನುತ್ತಾಳೆ. ತೆರೆಯುವುದು ತಡವಾದರೆ ಎರಡು ಚಮಚದಷ್ಟು ಹಳದಿ ನೊರೆಯನ್ನು ಕಕ್ಕುತ್ತಾಳೆ. ಸುತ್ತಲೂ ಬರಿಯ ನೆಲವಿದ್ದರೂ ಪ್ರತಿ ಬಾರಿಯೂ ಜಮಖಾನವನ್ನೇ ಹುಡುಕಿಕೊಂಡು ಹೋಗುವುದೇಕೋ ನನಗಿನ್ನೂ ಅರ್ಥವಾಗಿಲ್ಲ.

ವಾಂತಿಯಲ್ಲಿ ಆಹಾರದ ತುಣುಕಾಗಲಿ ರಕ್ತವಾಗಲಿ ಕಂಡಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಬಾಲವಾಡಿಸಿಕೊಂಡು ಬರುತ್ತಾಳೆ, ಊಟವನ್ನೂ ಬಿಡುವುದಿಲ್ಲ. ಬೆಳಿಗ್ಗೆ 8.30ಕ್ಕೆ ಮತ್ತು ಸಂಜೆ 6.30ಕ್ಕೆ ತಲಾ 105 ಗ್ರಾಂ ಒಣ ಆಹಾರ ಕೊಡುತ್ತಿದ್ದೇವೆ; ಎರಡು ವರ್ಷಗಳಿಂದ ಅದೇ ಆಹಾರ, ಅದೇ ಅಳತೆ. ಊಟದ ಕ್ರಮವನ್ನು ಬದಲಿಸಿ ಇದನ್ನು ಸರಿಪಡಿಸಬಹುದೇ? ಬದಲಿಸುವುದಾದರೆ ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ

ನೀವು ಬರೆದಿರುವ ಎರಡು ಸಮಯಗಳ ನಡುವಿನ ಅಂತರವನ್ನೊಮ್ಮೆ ಎಣಿಸಿ ನೋಡಿ. ಹಗಲಿನಲ್ಲಿ 10 ಗಂಟೆ, ರಾತ್ರಿ 14 ಗಂಟೆ. ನನ್ನ ಹಳೆಯ ನಾಯಿಗೂ ಇದೇ ತೊಂದರೆ ಇತ್ತು, ನಾನೂ ಮೊದಲು ಆಹಾರದ ಮೇಲೆಯೇ ಅನುಮಾನಪಟ್ಟು ಒಂದಾದ ಮೇಲೊಂದು ಚೀಲ ಬದಲಿಸಿದೆ. ಕೊನೆಗೆ ನೋಡಿದರೆ ದೋಷವಿದ್ದದ್ದು ತಟ್ಟೆಯಲ್ಲಲ್ಲ, ಗಡಿಯಾರದಲ್ಲಿ.

ಪಿತ್ತರಸದ ಜಾಗ ಸಣ್ಣ ಕರುಳು. ಜಠರ ಬಹಳ ಹೊತ್ತು ಖಾಲಿಯಾಗಿಯೇ ಉಳಿದಾಗ ಕೆಲವು ನಾಯಿಗಳಲ್ಲಿ ಅದು ಹಿಮ್ಮುಖವಾಗಿ ಜಠರಕ್ಕೆ ಹರಿದು ಅದರ ಒಳಪೊರೆಯನ್ನು ಕೆರಳಿಸುತ್ತದೆ. ಹಳದಿ ಬಣ್ಣ ಬರುವುದು ಅದರಿಂದಲೇ. ಹೊಟ್ಟೆಯ ಸದ್ದಿಗೂ ಒಂದು ಕಾರಣವಿದೆ: ಉಪವಾಸವಿರುವ ನಾಯಿಯ ಜಠರ ಮತ್ತು ಕರುಳುಗಳಲ್ಲಿ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಬಲವಾದ ಸಂಕೋಚನದ ಅಲೆಯೊಂದು ಸಾಗಿ, ಉಳಿದುಬಿದ್ದುದನ್ನೆಲ್ಲ ಕಸ ಗುಡಿಸಿದಂತೆ ಮುಂದಕ್ಕೆ ತಳ್ಳುತ್ತದೆ. ತಳ್ಳಲು ಆಹಾರವೇ ಇಲ್ಲದಾಗ ಒಳಗಿರುವ ದ್ರವ ಮತ್ತು ಗಾಳಿ ಸದ್ದು ಮಾಡುತ್ತವೆ.

ಆದ್ದರಿಂದ ಆಹಾರವನ್ನು ಹೆಚ್ಚಿಸಬೇಡಿ, ಹಂಚಿ. ದಿನದ ಒಟ್ಟು 210 ಗ್ರಾಂ ಹಾಗೆಯೇ ಇರಲಿ; ಬೆಳಿಗ್ಗೆ 90, ಸಂಜೆ 90, ಮಲಗುವ ಮುನ್ನ 10.30ಕ್ಕೆ ಉಳಿದ 30 ಗ್ರಾಂ ಕೊಡಿ. ಬೆಳಗಿನ ಊಟವನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದು 7 ಗಂಟೆಗೆ ನಿಲ್ಲಿಸಿದರೆ ಹೊಟ್ಟೆ ಖಾಲಿಯಿರುವ ಅವಧಿ ಬಹುಮಟ್ಟಿಗೆ ಕುಗ್ಗುತ್ತದೆ. ಅಳೆಯುವುದಕ್ಕೆ ಲೋಟದ ಬದಲು ತಕ್ಕಡಿಯನ್ನೇ ಬಳಸಿ, ಏಕೆಂದರೆ ರಾತ್ರಿಯ “ಒಂದು ಹಿಡಿ” ಎಂಬುದು ಕೊಡುವವರ ಕೈಗೆ ತಕ್ಕಂತೆ ದೊಡ್ಡದಾಗುತ್ತಾ ಹೋಗುತ್ತದೆ. ಎರಡು ವಾರಗಳವರೆಗೆ ಆಹಾರದ ಬ್ರ್ಯಾಂಡನ್ನು ಮಾತ್ರ ಮುಟ್ಟಬೇಡಿ. ಹೊತ್ತನ್ನೂ ಆಹಾರವನ್ನೂ ಒಟ್ಟಿಗೆ ಬದಲಿಸಿದರೆ ಗುಣ ಕೊಟ್ಟದ್ದು ಯಾವುದೆಂದು ತಿಳಿಯುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಎರಡು ಮಾತು ಸೇರಿಸುತ್ತೇನೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿರಲೆಂದು ರಾತ್ರಿ ಬೆಣ್ಣೆ, ಚೀಸ್, ಕೊಬ್ಬಿನ ಮಾಂಸ ಕೊಡುವವರನ್ನು ನೋಡಿದ್ದೇನೆ. ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುವುದು ನಿಜ, ಆದರೆ ಕೆರಳಿದ ಹೊಟ್ಟೆಗೆ ಅದು ಉಪಕಾರವಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತದ ಪ್ರವೃತ್ತಿಯಿರುವ ನಾಯಿಗಂತೂ ಅಪಾಯವೇ ಸರಿ. ರಾತ್ರಿಯ ಪಾಲು ನಿತ್ಯದ ಆಹಾರದ್ದೇ ಆಗಿರಲಿ.

ಇನ್ನೊಂದು, ನಾಯಿ ಎದ್ದು ಕುಂಯ್‌ಗುಟ್ಟಿದ ತಕ್ಷಣ ತಟ್ಟೆ ಇಡಬೇಡಿ. ನಾಯಿಗಳ ಜೀರ್ಣಕ್ರಿಯೆಯನ್ನು ಅಧ್ಯಯನ ಮಾಡಿದ್ದಕ್ಕಾಗಿಯೇ ಇವಾನ್ ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು; ಊಟದ ನಿರೀಕ್ಷೆಯೊಂದೇ ಸಾಕು, ಆಹಾರ ಬಾಯಿಗೆ ಬೀಳುವ ಮುನ್ನವೇ ಜಠರರಸ ಸ್ರವಿಸುತ್ತದೆ. 5 ಗಂಟೆಗೆ ಎಬ್ಬಿಸಿದರೆ ಊಟ ಸಿಗುತ್ತದೆ ಎಂದು ಬೆಳ್ಳಿ ಕಲಿತರೆ ನಾಳೆ ನಾಲ್ಕೂವರೆಗೇ ಎಬ್ಬಿಸುತ್ತಾಳೆ. ವಾಂತಿಯಾದ ದಿನ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಸಣ್ಣ ಪಾಲಿನಿಂದ ಆರಂಭಿಸಿ.

ಮೂರನೆಯ ಉತ್ತರ

ನಾನು ಪಶುಚಿಕಿತ್ಸಾಲಯವೊಂದರಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಮೇಲಿನವರು ಹೇಳಿದ್ದು ಸರಿಯೇ, ಆದರೆ “ಖಾಲಿ ಹೊಟ್ಟೆಯ ಪಿತ್ತದ ವಾಂತಿ” ಎಂಬ ನಿರ್ಧಾರಕ್ಕೆ ವೈದ್ಯರು ಬರುವುದು ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲೆ. ಕರುಳಿನ ಪರಾವಲಂಬಿಗಳು, ಕರುಳಿನ ದೀರ್ಘಕಾಲದ ಉರಿಯೂತ, ಮೂತ್ರಪಿಂಡದ ತೊಂದರೆ, ಇವೆಲ್ಲ ಆರಂಭದಲ್ಲಿ ಹೀಗೆಯೇ ಕಾಣಿಸಬಹುದು. ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳು ಕಡಿಮೆಯಾಗುವ ಅಡಿಸನ್ ಕಾಯಿಲೆಯೂ ಕೆಲವು ದಿನ ಕೆದರಿ, ಕೆಲವು ದಿನ ತಾನಾಗಿಯೇ ಅಡಗುತ್ತದೆ, ಅದೂ ಹೆಚ್ಚಾಗಿ ನಿಮ್ಮ ಬೆಳ್ಳಿಯ ವಯಸ್ಸಿನ ಹೆಣ್ಣು ನಾಯಿಗಳಲ್ಲಿ. ಹೆದರಿಸಲು ಹೇಳುತ್ತಿಲ್ಲ. ಒಂದೂವರೆ ತಿಂಗಳು ಮರುಕಳಿಸುತ್ತಿರುವ ವಾಂತಿಯನ್ನು ಒಮ್ಮೆಯಾದರೂ ತೋರಿಸುವುದು ಒಳ್ಳೆಯದು. ಹೋಗುವಾಗ ವಾಂತಿಯ ಚಿತ್ರ, ಮಲದ ಮಾದರಿ, ಮತ್ತು ಊಟ ಹಾಗೂ ವಾಂತಿಯ ಸಮಯಗಳನ್ನು ಬರೆದಿಟ್ಟ ಹಾಳೆ ನಿಮ್ಮ ಬಳಿ ಇರಲಿ. “ಆಗಾಗ ಕಕ್ಕುತ್ತಾಳೆ” ಎಂಬ ಮಾತಿಗಿಂತ ಆ ಹಾಳೆಯೇ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು ಕಣಗಳು ಕಂಡರೆ, ಒಂದೇ ದಿನ ಹಲವು ಬಾರಿ ವಾಂತಿಯಾದರೆ, ಊಟ ಬಿಟ್ಟು ಮಂಕಾದರೆ, ತೂಕ ಇಳಿದರೆ ಊಟದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ. ಹೊಟ್ಟೆ ಉಬ್ಬಿಕೊಂಡು, ಎಷ್ಟು ವಾಕರಿಸಿದರೂ ಏನೂ ಹೊರಬಾರದಿದ್ದರೆ ಜಠರ ತಿರುಚಿಕೊಂಡಿರುವ ಸಾಧ್ಯತೆಯಿದ್ದು, ಅಂಥ ಹೊತ್ತಿನಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮನುಷ್ಯರ ಆಮ್ಲಶಾಮಕ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬೇಡಿ, ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರಿಂದ, 19 ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ವೈದ್ಯರಿಗೆ ತೋರಿಸಿದೆವು, ರಕ್ತ ಮತ್ತು ಮಲದ ಪರೀಕ್ಷೆಗಳಲ್ಲಿ ಏನೂ ಕಂಡುಬರಲಿಲ್ಲ. ರಾತ್ರಿ 30 ಗ್ರಾಂ ಕೊಡುವ ಕ್ರಮವನ್ನು ಮುಂದುವರಿಸಿ ಎಂದು ಅವರೂ ಹೇಳಿದರು. ಈ 19 ದಿನಗಳಲ್ಲಿ ವಾಂತಿಯಾದದ್ದು ಎರಡೇ ಬಾರಿ. ಒಂದು ಮೊದಲ ವಾರದಲ್ಲಿ. ಇನ್ನೊಂದು, ನಾವು ಹೊರಗೆ ಹೋಗಿ ತಡವಾಗಿ ಮರಳಿ ರಾತ್ರಿಯ ಪಾಲನ್ನು ಮರೆತ ದಿನದ ಮರುಬೆಳಗ್ಗೆ, ಸರಿಯಾಗಿ 4.50ಕ್ಕೆ. ಆ ಹಾಳೆ ಬರೆದಿಡದಿದ್ದರೆ ಈ ಎರಡನ್ನೂ ಜೋಡಿಸಿ ನೋಡುತ್ತಲೇ ಇರಲಿಲ್ಲ.

ಒಂದು ಚಿಕ್ಕ ತೊಡಕು ಉಳಿದಿದೆ. ಬೆಳ್ಳಿಯ ತೂಕ 300 ಗ್ರಾಂ ಏರಿದೆ. ವಿಚಾರಿಸಿದಾಗ, ರಾತ್ರಿ 10.30ರ ಪಾಲಿನ ಜೊತೆಗೆ ನಮ್ಮ ತಂದೆಯವರು ದಿನವೂ ಎರಡು ನಾಯಿ ಬಿಸ್ಕತ್ತು ಕೊಡುತ್ತಿರುವುದು ಗೊತ್ತಾಯಿತು. ಬೇಡವೆಂದರೆ ಇಬ್ಬರೂ ಒಂದೇ ರೀತಿ ಮುಖ ಸಣ್ಣ ಮಾಡುತ್ತಾರೆ.

ಮೊದಲ ಉತ್ತರ ಬರೆದವರಿಂದ

ಬಿಸ್ಕತ್ತನ್ನು ನಿಲ್ಲಿಸಬೇಕಾಗಿಲ್ಲ, ಆದರೆ ದಿನಕ್ಕೊಂದಕ್ಕೆ ಇಳಿಸಿ. ಆ ಒಂದರ ತೂಕವನ್ನು ಸಂಜೆಯ 90 ಗ್ರಾಂನಿಂದ ಕಳೆಯಿರಿ, ರಾತ್ರಿಯ 30 ಗ್ರಾಂನಿಂದ ಬೇಡ. ಬೆಳಗಿನ ಜಾವದವರೆಗೆ ಹೊಟ್ಟೆಗೆ ಆಸರೆಯಾಗಿರುವುದು ಆ 30 ಗ್ರಾಂ. ವಾರಕ್ಕೊಮ್ಮೆ ತೂಕ ನೋಡಿ ಅದೇ ಹಾಳೆಯಲ್ಲಿ ಬರೆಯಿರಿ. ಬಿಸ್ಕತ್ತಿನ ಲೆಕ್ಕ ಬರೆಯುವ ಕೆಲಸವನ್ನು ನಿಮ್ಮ ತಂದೆಯವರಿಗೇ ಒಪ್ಪಿಸಿ.